ಪುಲಿಗೆರೆಯ ಆಚಾರವ್ಯವಸ್ಥೆ

ಲಕ್ಷ್ಮೇಶ್ವರವೆಂದು ಈಗ ಕರೆಯಲ್ಪಡುವ ಊರಿನ ಪ್ರಾಚೀನ ನಾಮವು ಪುಲಿಗೆರೆ. ಶಾಸನಗಳಲ್ಲಿ ಇದು ಪೊರಿಗೆರೆ, ಪುರಿಗೆರೆ, ಪುಲಿಕರನಗರ, ಹುಲಿಗೆರೆ ಎಂಬ ರೂಪಗಳಲ್ಲಿಯೂ ಕಾಣಬರುತ್ತದೆ. ಇದೇ ಮುಖ್ಯಸ್ಥಾನವಾಗಿದ್ದ ನಾಡಿಗೆ ಪುಲಿಗೆರೆ ಮುನ್ನೂರೆಂದು ಹೆಸರು. ಕವಿರಾಜಮಾರ್ಗಕಾರನು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೇಳಿ, ಈ ನಾಲ್ಕರ ನಡುವಣ ನಾಡೇ ಕನ್ನಡದ ತಿರುಳೆಂದು ನಿರ್ಣಯಿಸಿರುವನು. ಕ್ರಿ.ಶ. ೯೪೧ರಲ್ಲಿ ಭಾರತವನ್ನು ರಚಿಸಿದ ಪಂಪನು ತನ್ನ ಕಾವ್ಯದ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡಿರುವನು. ಆದುದರಿಂದ ಭಾಷಾಚರಿತ್ರೆಯಲ್ಲಿ ಈ ಊರಿನ ಸ್ಥಾನವು ವಿದ್ವಜ್ಜನರಿಗೆ ಸುವಿದಿತವಾದುದೇ ಆಗಿದೆ. ಆದರೆ ಪೌರಾಡಳಿತದ ಚರಿತ್ರೆಯಲ್ಲಿ ಇದಕ್ಕಿರುವ ಸ್ಥಾನವು ಅದಕ್ಕಿಂತ ಕಡಮೆಯಾದುದಲ್ಲ. ಆ ವಿಷಯವು ಮಾತ್ರ ಕನ್ನಡಿಗರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಈ ಸ್ಥಾನಕ್ಕೆ ಆಧಾರವಾದುದು ಇಲ್ಲಿಯ ಒಂದು ಸ್ತಂಭಶಾಸನ. ಇದನ್ನು ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾ ಗ್ರಂಥಮಾಲೆಯ ೧೪ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನದಲ್ಲಿ ಕಾಲನಿರ್ದೇಶವಿಲ್ಲ. ಆದರೆ ಇದನ್ನು ಕೊಟ್ಟವನು ಯುವರಾಜ ವಿಕ್ರಮಾದಿತ್ಯನೆಂದು ಸ್ಪಷ್ಟವಾಗಿ ಹೇಳಿದೆ. ಇವನು ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಮಗನು. ಮುಂದೆ ಎರಡನೆಯ ವಿಕ್ರಮಾದಿತ್ಯನೆಂಬ ಹೆಸರಿನಿಂದ ಕ್ರಿ.ಶ. ೭೩೩ರ ಸುಮಾರಿಗೆ ಸಿಂಹಾಸನವನ್ನೇರಿ, ಕಂಚಿಯನ್ನು ಗೆದ್ದವನು. ಪಟ್ಟದಕಲ್ಲಿನ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದ ಲೋಕಮಹಾದೇವಿಯು ಇವನ ಪಟ್ಟಮಹಿಷಿ. ತಂದೆಯು ಆಳುತ್ತಿರುವಾಗ ಇವನು ಯುವರಾಜನಾಗಿದ್ದುದರಿಂದ ಶಾಸನದ ಕಾಲವನ್ನು ಸುಮಾರು ಕ್ರಿ.ಶ. ೭೨೫ ಎಂದು ವಿದ್ವಾಂಸರು ಇಟ್ಟಿರುವರು.

೧

ಕರ್ಣಾಟಕದ ಸಾವಿರಾರು ಶಾಸನಗಳಲ್ಲಿ ಬಹುಭಾಗವು ದಾನಶಾಸನಗಳು. ದೇವಾಲಯಕ್ಕೋ ಬಸದಿಗೋ ಬ್ರಾಹ್ಮಣರಿಗೋ ಭೂಮಿಯನ್ನು ಬಿಟ್ಟುದನ್ನು ತಿಳಿಸುವಂಥವು. ಉಳಿದವುಗಳಲ್ಲಿ ಹೆಚ್ಚಿನವು ವೀರಗಲ್ಲುಗಳು. ಈ ಸ್ತಂಭಶಾಸನವು ಇವೆರಡು ಬಗೆಗೂ ಸೇರಿದುದಲ್ಲ. ಇದರಲ್ಲಿ ಒಂದು ತುಂಡು ಭೂಮಿಯೂ ಯಾರಿಗೂ ದತ್ತವಾಗಿಲ್ಲ. ಯುವರಾಜನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟುದು ‘ಆಚಾರವ್ಯವಸ್ಥೆ’. ಎಂದರೆ ಊರಿನವರು ಅರಸನ ಅಧಿಕಾರಿಗಳೊಡನೆಯೂ ಅಧಿಕಾರಿಗಳು ಊರಿನವರೊಡನೆಯೂ ಹೇಗೆ ನಡೆದುಕೊಳ್ಳತಕ್ಕದ್ದೆಂಬ ಕಟ್ಟಳೆ.

ಇಲ್ಲಿ ಹೇಳಿರುವ ಮೂರು ವರ್ಗಗಳು ಗಮನಾರ್ಹವಾಗಿವೆ. ಮಹಾಜನರೆಂದರೆ ವಿದ್ಯಾವೃತ್ತಿಯ ಬ್ರಾಹ್ಮಣರ ಸಮುದಾಯ. ನಗರವೆಂದರೆ ಈಗಿನ ಅರ್ಥದ ಪಟ್ಟಣವಲ್ಲ, ವರ್ತಕರ ಸಂಘ. ಶಾಸನಗಳಲ್ಲಿ ಈ ಶಬ್ದವು ಆ ಅರ್ಥದಲ್ಲಿ ಮತ್ತೆ ಮತ್ತೆ ಬರುತ್ತದೆ. ಹದಿನೆಂಟು ಪ್ರಕೃತಿಗಳೆಂದರೆ ನಾನಾ ಕಸಬುಗಳನ್ನು ಅವಲಂಬಿಸಿದ ಜನವರ್ಗಗಳು. ಮುಂದಿನ ಕಾಲದಲ್ಲಿ ‘ಹದಿನೆಂಟು ಜಾತಿ’ ಎಂಬ ಮಾತು ರೂಢಿಗೆ ಬಂದುದು ಈ ಎಣಿಕೆಯ ಪರಂಪರೆಯಲ್ಲಿಯೇ. ಹೀಗಿರಲು ಈ ಶಾಸನವನ್ನು ಬರಿಯ ಅಗ್ರಹಾರದ ಹಕ್ಕುಪತ್ರವೆನ್ನಲಾಗದು. ಕಂಚುಗಾರನೂ ಗಾಣಿಗನೂ ಕೂಡ ಊರೆಂಬ ಸಮುದಾಯದೊಳಗೆ ಸೇರಿದವರೆಂದು ಅರಸನ ಮಗನೇ ಬಾಯಿಬಿಟ್ಟು ಒಪ್ಪಿಕೊಂಡಿರುವ ದಾಖಲೆ ಇದು.

ಈ ವಿಷಯದಲ್ಲಿ ಧರ್ಮಶಾಸ್ತ್ರದ ಪರಿಭಾಷೆಯು ಸಹಾಯಕವಾಗುತ್ತದೆ. ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರನಿರ್ಣಯಕ್ಕೆ ಅಧಿಕಾರವುಳ್ಳವರನ್ನು ಹೇಳುವಾಗ ರಾಜನಿಯುಕ್ತರು, ಪೂಗ, ಶ್ರೇಣಿ, ಕುಲ ಎಂದು ನಾಲ್ಕನ್ನು ಅನುಕ್ರಮವಾಗಿ ಹೇಳಿ, ಇವುಗಳಲ್ಲಿ ಮೊದಮೊದಲಿನದು ಬಲವತ್ತರವೆಂದು ವಿಧಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇವುಗಳಿಗೆ ಲಕ್ಷಣವನ್ನು ಹೇಳಿರುವನು. ಭಿನ್ನ ಜಾತಿಯವರಾಗಿಯೂ ಭಿನ್ನ ವೃತ್ತಿಯವರಾಗಿಯೂ ಇದ್ದು ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹವು ಪೂಗ. ಗ್ರಾಮ, ನಗರ ಮೊದಲಾದವು ಇದಕ್ಕೆ ಉದಾಹರಣೆ. ನಾನಾ ಜಾತಿಯವರಾದರೂ ಒಂದೇ ಬಗೆಯ ಕೆಲಸದಿಂದ ಜೀವಿಸುವವರ ಸಂಘಾತವು ಶ್ರೇಣಿ. ಪುಲಿಗೆರೆಯ ಮಹಾಜನ, ನಗರ, ಹದಿನೆಂಟು ಪ್ರಕೃತಿಗಳು ಕೂಡಿ ಆದುದು ಶಾಸ್ತ್ರದೃಷ್ಟಿಯಿಂದ ಪೂಗವೇ ಆಗಿದೆ. ವಿಜ್ಞಾನೇಶ್ವರನು ಈ ಲಕ್ಷಣವನ್ನು ಬರೆಯುವುದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಮುಂಚೆಯೇ ಅದರ ಲಕ್ಷ್ಯವು ಅವನ ನಾಡಿನಲ್ಲಿಯೇ ಕಲ್ಲಿನ ಮೇಲೆ ನಿಂತಿತ್ತು. ಶಾಸ್ತ್ರಕಾರರು ಕಲ್ಪನೆಯಿಂದ ಬರೆದರು, ಲೋಕದಲ್ಲಿ ಹಾಗಿರಲಿಲ್ಲವೆಂದು ಆಕ್ಷೇಪಿಸುವವರಿಗೆ ಇದು ತಕ್ಕ ಸಮಾಧಾನ.

೨

ವ್ಯವಸ್ಥೆಯ ಮೊದಲ ಭಾಗವು ರಾಜಪುರುಷರನ್ನು ಕುರಿತದ್ದು. ಅವರು ಕಾಪಾಡತಕ್ಕವುಗಳ ಪಟ್ಟಿಯನ್ನು ಶಾಸನವು ಕೊಡುತ್ತದೆ: ಒಡೆಯರಿಲ್ಲದೆ ಬರಿದಾದ ಮನೆಗಳು, ಅರಸನು ಕೊಟ್ಟ ದತ್ತಿ, ಅರಸನ ಘೋಷಣೆ, ಸತ್ಪುರುಷರ ಪ್ರಮಾಣವಚನ, ಊರಿನ ಮರ್ಯಾದೆ, ತಾಮ್ರಶಾಸನ, ಅನುಭವಿಸುತ್ತ ಬಂದುದರ ಅನುಭೋಗ ಇತ್ಯಾದಿ.

ಮೇಲ್ನೋಟಕ್ಕೆ ಈ ಪಟ್ಟಿಯು ಹೊಂದಿಕೆಯಿಲ್ಲದ ಮಾತುಗಳ ರಾಶಿಯಂತೆ ತೋರುತ್ತದೆ. ಆದರೆ ವ್ಯವಹಾರಶಾಸ್ತ್ರವನ್ನು ಬಲ್ಲವರಿಗೆ ಇದರೊಳಗಣ ಸೂತ್ರವು ಕೂಡಲೆ ಕಾಣಿಸುವುದು. ಸ್ವತ್ತಿನ ವಿವಾದದಲ್ಲಿ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಈ ಮೂರೂ ಇಲ್ಲದಿದ್ದರೆ ಮಾತ್ರ ದಿವ್ಯಪ್ರಮಾಣವೆಂದು ಯಾಜ್ಞವಲ್ಕ್ಯನ ಮತ. ಶಾಸನದಲ್ಲಿ ಹೇಳಿದ ತಾಮ್ರಶಾಸನವೇ ಲಿಖಿತ, ಅನುಭೋಗವೇ ಭುಕ್ತಿ, ಸತ್ಪುರುಷರ ವಚನವೇ ಸಾಕ್ಷಿ. ಇವುಗಳೊಡನೆ ರಾಜಘೋಷಣೆಯೂ ಊರಿನ ಮರ್ಯಾದೆಯೂ ಸೇರಿವೆ. ಸಾಮಯಿಕ ಧರ್ಮವನ್ನೂ ರಾಜಕೃತ ಧರ್ಮವನ್ನೂ ಎರಡನ್ನೂ ಯತ್ನದಿಂದ ಸಂರಕ್ಷಿಸಬೇಕೆಂದು ಸ್ಮೃತಿಯು ಹೇಳಿರುವುದಕ್ಕೆ ಇದು ಸರಿಯಾಗಿ ಹೊಂದಿಕೊಳ್ಳುತ್ತದೆ. ಎಂದರೆ ಯುವರಾಜನ ಮಾತಿನ ತಾತ್ಪರ್ಯವಿಷ್ಟು: ಮನೆ, ಹೊಲ, ಹಕ್ಕುಗಳ ವಿಷಯದಲ್ಲಿ ರಾಜಪುರುಷನು ತನ್ನ ಇಚ್ಛೆಯನ್ನು ನೋಡತಕ್ಕದ್ದಲ್ಲ, ಪತ್ರವನ್ನು ನೋಡತಕ್ಕದ್ದು, ಅನುಭವವನ್ನು ನೋಡತಕ್ಕದ್ದು, ಸತ್ಪುರುಷರ ಮಾತನ್ನು ಕೇಳತಕ್ಕದ್ದು.

ಇದರಲ್ಲಿ ಬರಿದಾದ ಮನೆಗಳ ಮಾತು ಮೊದಲಲ್ಲಿಯೇ ಬಂದುದು ಆಕಸ್ಮಿಕವಲ್ಲ. ಯುದ್ಧ, ಕ್ಷಾಮ, ವ್ಯಾಪಾರ, ಯಾತ್ರೆ ಮೊದಲಾದ ಕಾರಣಗಳಿಂದ ಒಡೆಯನು ಊರನ್ನು ಬಿಟ್ಟುಹೋದಾಗ ಅವನ ಮನೆಗೆ ಕೈಹಾಕಲು ಎಲ್ಲರಿಗಿಂತ ಮೊದಲು ಅವಕಾಶವಿರುವುದು ಅಧಿಕಾರಿಗೇ. ಆ ಅಧಿಕಾರಿಯನ್ನೇ ಕಾವಲುಗಾರನನ್ನಾಗಿ ಮಾಡಿರುವುದರಲ್ಲಿ ವ್ಯವಸ್ಥೆಯ ಕರ್ತೃಗಳ ಲೋಕಾನುಭವವು ವ್ಯಕ್ತವಾಗುತ್ತದೆ.

ಎರಡನೆಯ ಭಾಗವು ತೆರಿಗೆಯನ್ನು ಕುರಿತದ್ದು. ಜನವಸತಿಯುಳ್ಳ ಮನೆಗಳನ್ನು ಉತ್ತಮ, ಮಧ್ಯಮ ಮುಂತಾಗಿ ನಾಲ್ಕು ತರಗತಿಗಳಾಗಿ ವಿಭಾಗಿಸಿ, ಕ್ರಮವಾಗಿ ೧೦, ೭, ೫, ೩ ಪಣಗಳನ್ನು ನಿಯಮಿಸಿದೆ. ಬಡವನಿಗೂ ಬಲ್ಲಿದನಿಗೂ ಒಂದೇ ತೆರಿಗೆಯಲ್ಲ. ಆದರೆ ಬಡವನೂ ತೆರಿಗೆಯಿಂದ ಪೂರ್ತಿಯಾಗಿ ಹೊರಗಾದವನಲ್ಲ. ದರವು ಕಲ್ಲಿನಲ್ಲಿ ಕೆತ್ತಲ್ಪಟ್ಟುದರಿಂದ ವರ್ಷವರ್ಷಕ್ಕೂ ಅಧಿಕಾರಿಯ ಮನಸ್ಸಿಗೆ ಬಂದಂತೆ ಏರಿಸುವ ಮಾರ್ಗವು ಮುಚ್ಚಿದಂತಾಯಿತು. ಶಿಲಾಶಾಸನವನ್ನು ಓದಲಾರದವನಿಗೂ ಅದು ಅಲ್ಲಿ ನಿಂತಿದೆಯೆಂಬುದೇ ಒಂದು ಬಲ.

ಮೂರನೆಯ ಭಾಗವು ಎಲ್ಲಕ್ಕಿಂತ ವಿಚಾರಣೀಯವಾದುದು. ಕಳವಿನ ದಂಡ, ಅಲ್ಪಾಪರಾಧಗಳ ದಂಡ, ದಶಾಪರಾಧಗಳ ದಂಡ, ಅಪುತ್ರಕನ ದ್ರವ್ಯ, ಎಲ್ಲ ವರ್ಗಗಳವರು ಕೊಡತಕ್ಕ ತೆರಿಗೆ ಇವುಗಳು ಕಾರ್ತಿಕ ಮಾಸದಲ್ಲಿ ಊರಿನ ಶ್ರೇಣಿಗೆ ಸಲ್ಲತಕ್ಕವೆಂದು ಹೇಳಿದೆ; ಆ ಶ್ರೇಣಿಯು ಕಂಚುಗಾರರದು. ಕಂಚುಗಾರರ ಸಂಘವು ಊರಿನ ಬೊಕ್ಕಸವಾಗಿ ನಡೆಯುತ್ತಿತ್ತೆಂಬುದು ಇದರಿಂದ ಏರ್ಪಡುತ್ತದೆ. ಲೋಹವನ್ನು ತೂಗುವ, ಪರೀಕ್ಷಿಸುವ, ಬೆಲೆಕಟ್ಟುವ ವಿದ್ಯೆಯು ಅವರಿಗೆ ಕುಲಾಗತವಾದುದರಿಂದ ಈ ನಂಬಿಕೆಗೆ ಅವರು ಪಾತ್ರರಾದುದು ಸಹಜವೇ ಆಗಿದೆ. ಕೊಯ್ಲಿನ ಕಾಲಕ್ಕೆ ಹೊಂದಿಕೊಂಡ ಕಾರ್ತಿಕವನ್ನು ಗೊತ್ತುಮಾಡಿದುದೂ ಯುಕ್ತವೇ.

ದಶಾಪರಾಧಗಳೆಂಬುವು ನಾರದಾದಿಗಳಲ್ಲಿ ಪ್ರಸಿದ್ಧವಾದ ಹತ್ತು ತಪ್ಪುಗಳು; ರಾಜಾಜ್ಞೆಯನ್ನು ಮೀರುವುದು, ಸ್ತ್ರೀವಧೆ, ಕಳವು, ವಾಕ್ಪಾರುಷ್ಯ, ದಂಡಪಾರುಷ್ಯ ಮುಂತಾದುವು ಇದರಲ್ಲಿ ಸೇರಿವೆ. ಇವುಗಳ ದಂಡವು ರಾಜನಿಗೆ ಸೇರತಕ್ಕ ಸ್ವಾಮ್ಯ. ಮುಂದೆ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಗ್ರಾಮವನ್ನು ‘ದಶಾಪರಾಧಸಹಿತ’ವಾಗಿ ದಾನಮಾಡುವ ಪದ್ಧತಿಯು ಕಂಡುಬರುತ್ತದೆ. ಅಲ್ಲಿ ಈ ಸ್ವಾಮ್ಯವು ಒಬ್ಬ ಪ್ರತಿಗ್ರಹಿಗೆ ಹೋಗುತ್ತದೆ. ಪುಲಿಗೆರೆಯಲ್ಲಿಯಾದರೋ ಅದು ಕಸಬುಗಾರರ ಸಂಘದ ಕೈಯನ್ನು ಸೇರುತ್ತದೆ. ಈ ಭೇದವು ಸಣ್ಣದಲ್ಲ.

ಅಪುತ್ರಕನ ದ್ರವ್ಯದ ವಿಷಯದಲ್ಲಿ ಮಾತ್ರ ಈ ವ್ಯವಸ್ಥೆಯನ್ನು ಹೊಗಳುವುದಕ್ಕೆ ಮುಂಚೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಗಂಡುಮಕ್ಕಳಿಲ್ಲದೆ ಸತ್ತವನ ಸ್ವತ್ತು ಊರಿನ ಬೊಕ್ಕಸಕ್ಕೆ ಹೋದರೆ ಅವನ ವಿಧವೆಯ ಗತಿಯೇನು? ಯಾಜ್ಞವಲ್ಕ್ಯನು ಅಪುತ್ರನ ದಾಯಾದಿಗಳನ್ನು ಹೇಳುವಾಗ ಪತ್ನಿಯನ್ನು ಮೊದಲಲ್ಲಿಯೂ ಪುತ್ರಿಯರನ್ನು ಅನಂತರದಲ್ಲಿಯೂ ಹೇಳಿರುವನು. ಆದರೆ ಇತರ ಸ್ಮೃತಿವಚನಗಳು ಇದಕ್ಕೆ ವಿರುದ್ಧವಾಗಿ ತೋರುವುದರಿಂದ ಪಂಡಿತರಲ್ಲಿ ಬಹುಕಾಲ ವಿವಾದವಿತ್ತು. ವಿಜ್ಞಾನೇಶ್ವರನು ಪೂರ್ವಪಕ್ಷಗಳನ್ನೆಲ್ಲ ಖಂಡಿಸಿ, ವಿಭಕ್ತನಾಗಿ ಪುನಃ ಸಂಸೃಷ್ಟನಾಗದೆ ಅಪುತ್ರನಾಗಿ ಸತ್ತವನ ಸಮಸ್ತ ಧನಕ್ಕೂ ಪತ್ನಿಯೇ ಮೊದಲ ಹಕ್ಕುದಾರಳೆಂದು ಸಿದ್ಧಾಂತಮಾಡಿದನು. ಪುಲಿಗೆರೆಯ ಶಾಸನದಲ್ಲಿ ಅಂಥ ವಿವರಣೆಯೊಂದೂ ಇಲ್ಲ. ಊರಿಗೆ ಸ್ವಾತಂತ್ರ್ಯವನ್ನು ಕೊಟ್ಟ ಕಲ್ಲೇ ಊರಿನೊಳಗಣ ಒಬ್ಬ ಅನಾಥೆಯ ವಿಷಯದಲ್ಲಿ ಮೌನವಾಗಿದೆ. ಸಮುದಾಯದ ಹಕ್ಕು ಬೇರೆ, ಸಮುದಾಯದೊಳಗಣ ದುರ್ಬಲರ ಹಕ್ಕು ಬೇರೆ ಎಂಬುದನ್ನು ಚರಿತ್ರಕಾರರು ಮರೆಯತಕ್ಕದ್ದಲ್ಲ.

೩

ಲಿಖಿತವನ್ನು ಕಾಪಾಡಬೇಕೆಂದು ವಿಧಿಸಿದ ಈ ಊರಿನಲ್ಲಿಯೇ ಲಿಖಿತದ ಪ್ರಾಮಾಣ್ಯವನ್ನು ಕುರಿತ ಒಂದು ದೊಡ್ಡ ಸಂಶಯವು ಹುಟ್ಟಿರುವುದು ವಿಚಿತ್ರವಾಗಿದೆ. ಇಲ್ಲಿಯ ಒಂದು ಶಿಲಾಫಲಕದಲ್ಲಿ ಗಂಗ ಮಾರಸಿಂಹನು ಶಕ ೮೯೦ರಲ್ಲಿ (ಕ್ರಿ.ಶ. ೯೬೮) ಗಂಗಕಂದರ್ಪ ಜಿನಾಲಯಕ್ಕೆ ಮಾಡಿದ ದಾನವು ಲಿಖಿತವಾಗಿದೆ. ಇದೇ ಫಲಕದಲ್ಲಿ ಬಾದಾಮಿಯ ಚಾಲುಕ್ಯರ ಕಾಲದವೆಂದು ಹೇಳಿಕೊಳ್ಳುವ ಹಲವು ದಾನಗಳೂ ಇವೆ: ಸೇಂದ್ರ ದುರ್ಗಶಕ್ತಿಯು ಶಂಖಜಿನೇಂದ್ರನಿಗೆ ಕೊಟ್ಟದ್ದು, ವಿನಯಾದಿತ್ಯನ ಶಕ ೬೦೮ರದು, ವಿಜಯಾದಿತ್ಯನ ಶಕ ೬೫೧ರದು, ಎರಡನೆಯ ವಿಕ್ರಮಾದಿತ್ಯನ ಶಕ ೬೫೬ರದು. ಫ್ಲೀಟ್ ಪಂಡಿತರು ಇವುಗಳನ್ನು ಇಂಡಿಯನ್ ಆಂಟಿಕ್ವರಿಯ ೭ನೆಯ ಸಂಪುಟದಲ್ಲಿ ಪ್ರಕಟಿಸಿ, ಅಕ್ಷರಗಳು ಹತ್ತನೆಯ ಶತಮಾನದವಾಗಿರುವುದನ್ನು ತೋರಿಸಿದರು. ಅಂದಿನಿಂದ ಇವು ಕೂಟಶಾಸನಗಳೋ ಹಳೆಯ ತಾಮ್ರಪಟಗಳ ಪ್ರತಿಗಳೋ ಎಂಬ ಚರ್ಚೆಯು ನಡೆದುಬಂದಿದೆ.

ಈ ಚರ್ಚೆಗೆ ಬೆಳಕನ್ನು ಬೀರತಕ್ಕ ಎರಡು ದಾಖಲೆಗಳಿವೆ. ಕ್ರಿ.ಶ. ೧೦೭೬ರ ಗುಡಿಗೆರೆಯ ಶಾಸನವು, ಚಾಲುಕ್ಯ ವಿಜಯಾದಿತ್ಯವಲ್ಲಭನ ತಂಗಿಯಾದ ಕುಂಕುಮಮಹಾದೇವಿಯು ಪುರಿಗೆರೆಯಲ್ಲಿ ಆನೆಸೆಜ್ಜೆಯ ಬಸದಿಯನ್ನು ಹಿಂದೆ ಕಟ್ಟಿಸಿದಳೆಂದು ಹೇಳುತ್ತದೆ. ಮುನ್ನೂರ ಅರುವತ್ತು ವರ್ಷಗಳಿಗೂ ಹಿಂದಿನ ಸಂಗತಿಯನ್ನು ಹೇಳುವ ಈ ಮಾತು ಬರಿಯ ಐತಿಹ್ಯವೆಂದು ಯಾರಾದರೂ ತಳ್ಳಿಹಾಕಬಹುದಾಗಿತ್ತು. ಆದರೆ ಅನಂತರ ಬೆಳಕಿಗೆ ಬಂದ ಶಿಗ್ಗಾಂವಿಯ ತಾಮ್ರಪಟವು, ಕ್ರಿ.ಶ. ೭೦೭ರಲ್ಲಿ ವಿಜಯಾದಿತ್ಯನು ಆಳುಪ ಚಿತ್ರವಾಹನನ ವಿಜ್ಞಾಪನೆಯಂತೆ, ಕುಂಕುಮದೇವಿಯು ಪುರಿಗೆರೆಯಲ್ಲಿ ಕಟ್ಟಿಸಿದ ಜಿನಭವನಕ್ಕೆ ಗುಡ್ಡಿಗೆರೆ ಗ್ರಾಮವನ್ನು ಕೊಟ್ಟನೆಂದು ಸ್ಪಷ್ಟಪಡಿಸಿತು. ಅಲ್ಲಿಗೆ ಹನ್ನೊಂದನೆಯ ಶತಮಾನದ ಕಲ್ಲಿನ ಮಾತಿಗೆ ಎಂಟನೆಯ ಶತಮಾನದ ತಾಮ್ರವೇ ಸಾಕ್ಷಿಯಾದಂತಾಯಿತು.

ಇದರಿಂದ ಮಾರಸಿಂಹನ ಫಲಕದಲ್ಲಿರುವ ಹಳೆಯ ದಾನಗಳೆಲ್ಲವೂ ಅಕ್ಷರಶಃ ನಿಜವೆಂದು ಸಿದ್ಧಿಸುವುದಿಲ್ಲ. ಒಂದು ಪತ್ರದ ಸತ್ಯತ್ವವು ಮತ್ತೊಂದಕ್ಕೆ ತಾನಾಗಿ ಸಂಕ್ರಮಿಸತಕ್ಕದ್ದಲ್ಲ. ಆದರೆ ಪುಲಿಗೆರೆಯ ಬಸದಿಗಳಿಗೆ ಬಾದಾಮಿಯ ಅರಸರ ನಿಜವಾದ ತಾಮ್ರಪಟಗಳು ಇದ್ದುವೆಂಬುದೂ, ಅವುಗಳ ನೆನಪನ್ನು ಊರಿನವರು ಶತಮಾನಗಳವರೆಗೆ ಉಳಿಸಿಕೊಂಡಿದ್ದರೆಂಬುದೂ ನಿಶ್ಚಯವಾಯಿತು. ಅಕ್ಷರಗಳು ಈಚಿನವೆಂಬ ಒಂದೇ ಕಾರಣದಿಂದ ವಿಷಯವೆಲ್ಲವೂ ಕಲ್ಪಿತವೆನ್ನುವುದು ಯುಕ್ತವಲ್ಲ. ಫಲಕವನ್ನು ಕೆತ್ತಿಸಿದವರು ಹಾಗೆ ಮಾಡಲು ಕಾರಣವಾದರೂ ಏನು? ಬಾದಾಮಿಯ ಅರಸರು ಹೋಗಿ ರಾಷ್ಟ್ರಕೂಟರು ಬಂದರು. ಅಮೋಘವರ್ಷನ ಕಾಲದಲ್ಲಿ ಬಂಕೆಯನು ಪುರಿಗೆರೆ ಮುನ್ನೂರನ್ನು ಆಳಿದನು. ತರುವಾಯ ಮೂರನೆಯ ಕೃಷ್ಣನು, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳನ್ನು ಕೊಟ್ಟನೆಂದು ಆತಕೂರಿನ ಶಾಸನವು ಹೇಳುತ್ತದೆ. ಹೀಗೆ ಪ್ರಭುಗಳು ಬದಲಾದಾಗಲೆಲ್ಲ ಹಕ್ಕುಳ್ಳವರಿಗೆ ಭಯವು ತಪ್ಪಿದ್ದಲ್ಲ. ಹೊಸ ಅರಸನ ಮುಂದೆ ಹಳೆಯ ಹಕ್ಕನ್ನು ತೋರಿಸಬೇಕಾದವನು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವನು.

ಈ ಭಯವು ಕಲ್ಪಿತವಲ್ಲವೆಂಬುದಕ್ಕೆ ನೆರೆಯ ಸೂಡಿಯ ಶಾಸನವು ದೃಷ್ಟಾಂತವಾಗಿದೆ. ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಾಗ, ಚೋಳರ ಯುದ್ಧದಲ್ಲಿ ಕೆಟ್ಟುಹೋದ ಹಿಂದಿನ ಮರ್ಯಾದೆಯನ್ನು ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಪುನಃ ಕಟ್ಟಿಕೊಟ್ಟುದು ಅಲ್ಲಿ ಉಕ್ತವಾಗಿದೆ. ಅಣ್ಣಿಗೇರಿಯ ಬಸದಿಯನ್ನು ಚೋಳರು ಸುಟ್ಟುದನ್ನೂ, ಕ್ರಿ.ಶ. ೧೦೭೧ರ ಸುಮಾರಿನಲ್ಲಿ ಬೆಳ್ವೊಲ ಪುಲಿಗೆರೆಗಳನ್ನು ಆಳುತ್ತಿದ್ದ ಲಕ್ಷ್ಮರಸನು ಅದನ್ನು ಜೀರ್ಣೋದ್ಧಾರಮಾಡಿದುದನ್ನೂ ಗಾವರವಾಡದ ಶಾಸನವು ತಿಳಿಸುತ್ತದೆ. ಪುಲಿಗೆರೆಗೆ ಲಕ್ಷ್ಮೇಶ್ವರವೆಂಬ ಹೆಸರು ಬಂದುದು ಈ ಲಕ್ಷ್ಮರಸನಿಂದಲೇ ಎಂಬ ಪ್ರತೀತಿಯುಂಟು.

೪

ಇಂಥ ಕಟ್ಟಳೆಗಳು ಕರ್ಣಾಟಕಕ್ಕೆ ಮಾತ್ರ ವಿಶಿಷ್ಟವಾದುವಲ್ಲ. ಕ್ರಿ.ಶ. ೫೯೨ರಲ್ಲಿ ಪಶ್ಚಿಮ ಭಾರತದ ವಿಷ್ಣುಷೇಣನು ಲೋಹಾಟದಿಂದ ವರ್ತಕರಿಗೆ ಕೊಟ್ಟ ‘ಆಚಾರಸ್ಥಿತಿಪಾತ್ರ’ದಲ್ಲಿ ೭೨ ಆಚಾರಗಳು ಎಣಿಸಲ್ಪಟ್ಟಿವೆ. ಯೂರೋಪಿನಲ್ಲಿ ಜರ್ಮನಿಯ ಒಕ್ಕಲಿಗರ ಹಳ್ಳಿಗಳಲ್ಲಿ ‘ವೈಸ್‌ಟೂಮ್’ ಎಂಬ ಗ್ರಾಮಮರ್ಯಾದೆಗಳಿದ್ದುವು. ಊರಿನ ಹಿರಿಯರು ಪ್ರಮಾಣಪೂರ್ವಕವಾಗಿ ಸಭೆಯಲ್ಲಿ ಕುಳಿತು, ಊರೊಡೆಯನಿಗೆ ಸಲ್ಲತಕ್ಕುದೆಷ್ಟು, ಊರಿಗೆ ಉಳಿಯತಕ್ಕುದೆಷ್ಟು ಎಂಬುದನ್ನು ಬಾಯಿಂದ ಹೇಳುವರು, ಅದು ಲಿಖಿತವಾಗುವುದು. ಯಾಕೋಬ ಗ್ರಿಮ್ ಎಂಬ ಭಾಷಾಶಾಸ್ತ್ರಜ್ಞನು ಇಂಥವುಗಳನ್ನು ೧೮೪೦ರಿಂದ ಮೊದಲ್ಗೊಂಡು ಸಂಪುಟಸಂಪುಟವಾಗಿ ಸಂಗ್ರಹಿಸಿ ಪ್ರಕಟಿಸಿದನು. ಅಲ್ಲಿ ಧರ್ಮವನ್ನು ನುಡಿಯುವವರು ಗ್ರಾಮದ ಹಿರಿಯರು, ಕೇಳುವವನು ಒಡೆಯ; ಪುಲಿಗೆರೆಯಲ್ಲಿ ನುಡಿಯುವವನು ಯುವರಾಜ, ಕೇಳುವವರು ಊರಿನವರು. ಹೊರಗಿನ ರೂಪದಲ್ಲಿ ಇವೆರಡೂ ವಿಪರೀತವಾಗಿ ತೋರುತ್ತವೆ. ಆದರೂ ಯುವರಾಜನು ಕೊಟ್ಟುದರಲ್ಲಿ ‘ಮರ್ಯಾದೆ’, ‘ಅನುಭೋಗ’ ಎಂಬ ಮಾತುಗಳಿರುವುದನ್ನು ನೋಡಿದರೆ, ಅವನು ಹೊಸದಾಗಿ ಸೃಷ್ಟಿಸಿದುದಕ್ಕಿಂತ ಊರಿನಲ್ಲಿ ಮೊದಲೇ ನಡೆಯುತ್ತಿದ್ದುದಕ್ಕೆ ಮುದ್ರೆಯೊತ್ತಿದುದೇ ಹೆಚ್ಚೆಂದು ತಿಳಿಯುತ್ತದೆ.

ಈ ಶಾಸನವನ್ನು ಹಿಡಿದುಕೊಂಡು ಪುಲಿಗೆರೆಯು ಪ್ರಜಾರಾಜ್ಯವಾಗಿತ್ತೆಂದು ಸಾಧಿಸುವುದು ಅತಿಶಯೋಕ್ತಿಯಾದೀತು. ಅರಸನಿದ್ದನು, ಅವನ ಪುರುಷರಿದ್ದರು, ತೆರಿಗೆಯಿತ್ತು, ದಂಡವಿತ್ತು. ಮೇಲು ಕೀಳು ಮನೆಗಳೆಂಬ ಭೇದವೂ ಇತ್ತು. ಇದು ಅರಸನ ಕೃಪೆಯಿಂದ ಬಂದುದು, ಪ್ರಜೆಗಳ ಹಕ್ಕೇ ಅಲ್ಲವೆಂದು ಹೇಳುವುದೂ ಅಷ್ಟೇ ಏಕಪಕ್ಷೀಯವಾದುದು. ಪ್ರಭುವು ತನ್ನ ಅಧಿಕಾರಕ್ಕೆ ತಾನೇ ಎಲ್ಲೆಯನ್ನು ಹಾಕಿಕೊಂಡು, ಅದನ್ನು ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಬರೆಯಿಸಿದ ಮೇಲೆ, ಆ ಎಲ್ಲೆಯನ್ನು ಮೀರುವುದು ಅವನ ಅಧಿಕಾರಿಗೆ ಸುಲಭವಾಗಿ ಉಳಿಯುವುದಿಲ್ಲ. ದಾನವು ಅಲ್ಲಿಂದ ಮುಂದೆ ಹಕ್ಕಾಗಿ ಪರಿಣಮಿಸುತ್ತದೆ. ಪಟ್ಟದಕಲ್ಲಿನಲ್ಲಿ ಗಾಯಕರಿಗೆ ವಿಜಯಾದಿತ್ಯನು ಕೊಟ್ಟಿದ್ದ ಕಟ್ಟಳೆಯನ್ನು ಲೋಕಮಹಾದೇವಿಯು ಪುನಃ ಸ್ಥಿರಪಡಿಸಿದುದು ಇದೇ ಭಾವನೆಯ ಇನ್ನೊಂದು ಸಾಕ್ಷಿ.

ಆ ಮೇಲಿನ ಕಾಲದಲ್ಲಿ ಈ ಊರು ಹಲವು ಪ್ರಭುಗಳನ್ನು ಕಂಡಿತು. ಕಲ್ಯಾಣದ ಚಾಲುಕ್ಯರ ಕಾಲದ ಸೋಮೇಶ್ವರ ದೇವಾಲಯವೂ, ಸೌರಾಷ್ಟ್ರದ ಸೋಮನಾಥನನ್ನು ಇಲ್ಲಿಗೆ ತಂದ ಆದಯ್ಯನ ಕಥೆಯೂ, ಅದನ್ನು ಕುರಿತ ರಾಘವಾಂಕನ ಸೋಮನಾಥಚಾರಿತ್ರವೂ, ನೇಮಿನಾಥನ ಶಂಖಬಸದಿಯೂ, ಬಿಜಾಪುರದ ಆದಿಲಶಾಹಿಯ ಅಂಕುಶಖಾನನು ೧೬೧೭ರಲ್ಲಿ ಕಟ್ಟಿಸಿದ ಜುಮ್ಮಾ ಮಸೀದಿಯೂ ಒಂದೇ ಊರಿನಲ್ಲಿ ನೆಲಸಿವೆ. ಇಂಗ್ಲಿಷರ ಕಾಲದಲ್ಲಿ ಇದು ಪಟವರ್ಧನ ಮನೆತನದ ಮಿರಜ ಸಂಸ್ಥಾನಕ್ಕೂ ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದುವು. ೧೯೪೮ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೫೬ರಲ್ಲಿ ಈ ನಾಡು ಕನ್ನಡನಾಡಿನೊಡನೆ ಒಂದಾಯಿತು. ೧೯೯೭ರಲ್ಲಿ ಗದಗ ಜಿಲ್ಲೆಗೆ ಸೇರಿತು. ಶಿರಹಟ್ಟಿ ತಾಲೂಕಿಗೆ ಸೇರಿದ್ದ ಲಕ್ಷ್ಮೇಶ್ವರವು ಈಗ ತಾನೇ ತಾಲೂಕಿನ ಕೇಂದ್ರವಾಗಿದೆ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಪುರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟಿತು. ಈಗ ಇಲ್ಲಿಯ ಪುರಸಭೆಗೆ ಸದಸ್ಯರನ್ನು ಆರಿಸುವವರಲ್ಲಿ ಹದಿನೆಂಟು ಪ್ರಕೃತಿಗಳ ಗಂಡಸರು ಮಾತ್ರವಲ್ಲದೆ, ಹಳೆಯ ವ್ಯವಸ್ಥೆಯು ಹೆಸರಿಸದೆ ಬಿಟ್ಟ ವಿಧವೆಯೂ ಸೇರಿರುವಳು.

ಅರಸುಮನೆತನಗಳ ವಂಶಾವಳಿಯನ್ನು ನಿರ್ಣಯಿಸುವುದಕ್ಕೆ ವಿದ್ವಾಂಸರು ಪಟ್ಟ ಶ್ರಮವು ಶ್ಲಾಘ್ಯವಾದುದು. ಆದರೆ ಬರಿದಾದ ಮನೆಯನ್ನು ಯಾರು ಕಾಯಬೇಕು, ಮೂರು ಪಣದ ಮನೆಯವನಿಂದ ಐದನ್ನು ಕೇಳಕೂಡದು, ದಂಡದ ಹಣವು ಯಾರ ಕೈಯಲ್ಲಿರಬೇಕು ಎಂಬಿವುಗಳನ್ನು ತಿಳಿಸುವ ಕಲ್ಲುಗಳಿಗೂ ಅಷ್ಟೇ ಶ್ರಮವು ಸಲ್ಲತಕ್ಕದ್ದು. ಧಾರವಾಡ ಗದಗ ಪ್ರಾಂತಗಳ ಮಹಾಜನ, ನಗರ, ಸೆಟ್ಟಿ, ಒಕ್ಕಲುಗಳ ವ್ಯವಸ್ಥಾಶಾಸನಗಳನ್ನೆಲ್ಲ ಒಂದೆಡೆ ಸೇರಿಸಿ, ಸ್ಮೃತಿವ್ಯಾಖ್ಯಾನಗಳೊಡನೆ ಸರಿಹೋಲಿಸಿ ಪ್ರಕಟಿಸಿದರೆ, ಕನ್ನಡನಾಡಿನ ಪೌರಜೀವನದ ಚರಿತ್ರೆಗೆ ಅದು ದೃಢವಾದ ತಳಹದಿಯಾಗುವುದು. ಅಂಥ ಸಂಗ್ರಹದ ಮೊದಲ ಪುಟದಲ್ಲಿ ನಿಲ್ಲತಕ್ಕುದು ಪುಲಿಗೆರೆಯ ಈ ಆಚಾರವ್ಯವಸ್ಥೆಯೇ.